ಒಂದು ಶನಿವಾರದ ಲೆಕ್ಕ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ 13,993 ಕಿಲೋಮೀಟರ್ ಎಂದು ಥಟ್ಟನೆ ಹೇಳಿಬಿಡುತ್ತೇನೆ. ಸಮಾಜ ವಿಜ್ಞಾನದ ಟೀಚರಮ್ಮ, ಅಷ್ಟೂ ಹೇಳದಿದ್ದರೆ ಹೇಗೆ ಅನ್ನಿ. ಆದರೆ ನಮ್ಮಪ್ಪನ ಹತ್ತಿರ ಈ ಕಿಲೋಮೀಟರಿನ ಜಂಬ ನಡೆಯುತ್ತಿರಲಿಲ್ಲ. ಅವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದು 1996ರಲ್ಲಿ ನಿವೃತ್ತರಾದವರು. ಬೆಂಗಳೂರು-ಅರಸೀಕೆರೆ ದಾರಿ ಮೀಟರ್ ಗೇಜ್ ಆಗಿದ್ದ ಕಾಲದಿಂದ ಅದನ್ನು ಕಂಡವರು. ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಬಾಣಸಂದ್ರ, ಕರಡಿ, ತಿಪಟೂರು ಎಂದು ಸ್ಟೇಷನ್ನುಗಳ ಹೆಸರನ್ನು ನಾವು ಚಿಕ್ಕವರಿದ್ದಾಗ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆವು. ಒಂದೇ ಹಳಿ. ಎದುರು ಗಾಡಿಗೆ ದಾರಿ ಬಿಡಲು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕು. ಅದಕ್ಕೇ ಅಪ್ಪ, "ಓಡೋ ಹೊತ್ತು ಕೇಳಬೇಡ ಪುಟ್ಟಿ, ಸೇರೋ ಹೊತ್ತು ಕೇಳು" ಎನ್ನುತ್ತಿದ್ದರು. ಬಹಳ ಸಲ ಕೇಳಿದ ಮಾತು. ಬಹಳ ಸಲ ಕೇಳಿದ್ದರಿಂದಲೇ ಇರಬೇಕು, ಬೇಕಾದಾಗ ನೆನಪಿಗೆ ಬರಲಿಲ್ಲ.

ಈ 13,993 ನನ್ನ ಬಾಯಿಗೆ ಬಂದದ್ದು 2021ರ ಜನವರಿಯಲ್ಲಿ. ಕೊರೋನಾದಿಂದ ಮುಚ್ಚಿದ್ದ ಶಾಲೆಯಲ್ಲಿ ಆ ತಿಂಗಳ ಒಂದನೇ ತಾರೀಕಿನಿಂದ ಹತ್ತನೇ ತರಗತಿ ಮತ್ತೆ ಶುರುವಾಗಿತ್ತು. ಮಕ್ಕಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ದೂರ ದೂರ ಕೂತಿದ್ದರು. ಆಗ ಪೇಪರಿನಲ್ಲಿ ಒಂದು ಸುದ್ದಿ ಬಂತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ನೇರವಾಗಿ ಏರ್ ಇಂಡಿಯಾದ ಮೊದಲ ವಿಮಾನ ಬಂದಿಳಿದಿದೆ, ಉತ್ತರ ಧ್ರುವದ ಮೇಲಿನ ದಾರಿಯಲ್ಲಿ. ನಡೆಸಿದವರು ಪೂರಾ ಹೆಂಗಸರು! ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಅವರ ಜೊತೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್. ಆ ಹೆಸರುಗಳನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದೆ. ನಮ್ಮ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಬೆಂಗಳೂರನ್ನೇ ನೋಡದವರು. ಒಂದು ದಿನವಾದರೂ ಆ ಹೆಸರುಗಳು ಬೋರ್ಡಿನ ಮೇಲಿರಲಿ ಎಂದು ಒರೆಸದೆ ಬಿಟ್ಟೆ.

ಆ ವಿಮಾನ ಹೊರಟದ್ದು ಜನವರಿ 9ರ ರಾತ್ರಿ, ಬೆಂಗಳೂರಿಗೆ ಇಳಿದದ್ದು 11ರ ಬೆಳಗಿನ ಜಾವ ಮೂರು ಗಂಟೆಯ ಮೇಲೆ. ಹಾರಿದ್ದು ಹದಿನೇಳು ಗಂಟೆ ಚಿಲ್ಲರೆ. "ಮಿಸ್, ಹತ್ತನೇ ತಾರೀಕು ಎಲ್ಲಿ ಹೋಯ್ತು?" ಎಂದು ಒಬ್ಬಳು ಕೇಳಿದಳು. ಪಡುವಣಕ್ಕೆ ಹೋಗುತ್ತ ಅಂತಾರಾಷ್ಟ್ರೀಯ ದಿನರೇಖೆ ದಾಟಿದರೆ ಒಂದು ತಾರೀಕು ಮುಂದಕ್ಕೆ ಜಾರುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. "ಅವತ್ತೇ ಯಾರದಾದ್ರೂ ಹುಟ್ಟಿದ ಹಬ್ಬ ಇದ್ದಿದ್ರೆ?" ಎಂದಳು. ಮೋಡದ ಮೇಲೆ ಮಾಡಿಕೊಳ್ಳುತ್ತಾರೆ ಬಿಡೇ ಎಂದು ನಗಿಸಿ ಮುಂದಿನ ಪಾಠಕ್ಕೆ ಹೋದೆ.

ದೂರದ ಪಾಠ ಮಾಡುವಾಗ ನಾನು ಗ್ಲೋಬಿನ ಮೇಲೆ ದಾರ ಹಿಡಿಸುತ್ತೇನೆ. ಗೋಡೆಯ ನಕ್ಷೆ ನೋಡಿದ ಮಕ್ಕಳು ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಅಡ್ಡಡ್ಡಲಾಗಿ ಗೆರೆ ಎಳೆಯುತ್ತಾರೆ. ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ನೋಡಿ, ಅದು ನೆಟ್ಟಗೆ ಬಡಗಣಕ್ಕೆ ಏರುತ್ತದೆ! ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ನಾವಿರುವುದು ಪೂರ್ವ ರೇಖಾಂಶ ಎಪ್ಪತ್ತೇಳೂವರೆ ಡಿಗ್ರಿಯಲ್ಲಿ, ಅವರಿರುವುದು ಪಶ್ಚಿಮ ನೂರಿಪ್ಪತ್ತೆರಡೂವರೆಯಲ್ಲಿ. ಸುಮಾರಾಗಿ ಭೂಮಿಯ ಬೆನ್ನು ಹೊಟ್ಟೆಯ ಹಾಗೆ. ಬೆನ್ನಿನಿಂದ ಹೊಟ್ಟೆಗೆ ಹೋಗಲು ನೆತ್ತಿಯ ಕಡೆಯಿಂದ ಹೋದರೇ ಹತ್ತಿರ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್, ಅದರಲ್ಲಿ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಈ ದಾರಿ.

ದಾರ ಹೋದ ಹಾಗೆ ವಿಮಾನ ಹೋಗುವುದಿಲ್ಲ ಎಂಬುದೂ ನಿಜ. ಟಿಬೆಟ್ಟಿನ ಮೇಲೆ ಹೋಗುವುದನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಒಳಗಿನ ಗಾಳಿಯ ಒತ್ತಡ ಕೆಟ್ಟರೆ ವಿಮಾನ ಬೇಗ ಹತ್ತು ಸಾವಿರ ಅಡಿಗೆ ಇಳಿಯಬೇಕಾಗುತ್ತದೆ, ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಜೊತೆಗೆ ಗಾಳಿಯ ಲೆಕ್ಕ. ಮೇಲೆ ಪಡುವಣದಿಂದ ಮೂಡಣಕ್ಕೆ ಜೋರು ಗಾಳಿ ಹರಿಯುತ್ತಿರುತ್ತದೆ. ಆದ್ದರಿಂದ ಇಲ್ಲಿಂದ ಹೋಗುವಾಗ ಪೆಸಿಫಿಕ್ ಮೇಲೆ ಆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋದರೆ ಹದಿನಾರು ಗಂಟೆ, ಬರುವಾಗ ಹದಿನೇಳಕ್ಕೂ ಮೇಲೆ. ಒಬ್ಬ ಹುಡುಗ, "ಮಿಸ್, ಭೂಮಿ ತಿರುಗ್ತಾನೇ ಇರುತ್ತಲ್ಲ, ವಿಮಾನ ಮೇಲೆ ಹೋಗಿ ಸುಮ್ನೆ ನಿಂತ್ಕೊಂಡ್ರೆ ಅಮೆರಿಕಾನೇ ಕೆಳಗೆ ಬರಲ್ವಾ?" ಎಂದಿದ್ದ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದಪ್ಪ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ ಎಂದೆ. ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಹೊಟ್ಟೆ ಹುಣ್ಣಾಗುವಂತೆ ನಕ್ಕು, "ಅವನನ್ನ ರೈಲ್ವೆಗೆ ಸೇರಿಸು" ಎಂದರು.

ಅಪ್ಪನಿಗೆ ಈ ದಾರಿಯ ಮೇಲೆ ಆಸಕ್ತಿ ಬಂದದ್ದು ನನ್ನ ಮಗಳು ಮದುವೆಯಾಗಿ ಅಲ್ಲಿಗೆ ಹೋದ ಮೇಲೆ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಎಂಬಲ್ಲಿ ಇಳಿಯಿತಲ್ಲ, ನಿಮಗೂ ನೆನಪಿರಬಹುದು. 216 ಜನ ಪ್ರಯಾಣಿಕರು ಬೇರೆ ವಿಮಾನ ಬರುವ ತನಕ ಆ ಊರಿನಲ್ಲೇ ಉಳಿಯಬೇಕಾಯಿತು. ಅಪ್ಪ ಪೇಪರನ್ನು ಮಡಿಸಿಟ್ಟು ನನ್ನ ಅಟ್ಲಾಸ್ ತರಿಸಿ ಮಗದಾನ್ ಹುಡುಕಿದರು. "ಎಂಥಾ ಲೈನಮ್ಮ ಇದು, ನಡುವೆ ಸ್ಟೇಷನ್ನೇ ಇಲ್ಲ" ಎಂದರು.

ಮಗಳು ಬಸುರಿಯಾದಳು. ಬಾಣಂತನಕ್ಕೆ ತಾಯಿ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನೆಯವರನ್ನು ಕರೆದರೆ, ಹದಿನಾರು ಗಂಟೆ ಕಾಲು ಮಡಿಸಿಕೊಂಡು ಕೂರುವುದು ನನ್ನ ಕೈಲಿ ಆಗುವುದಿಲ್ಲ ಎಂದು ಕೈತೊಳೆದುಕೊಂಡರು. 2024ರ ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ. ಮತಗಟ್ಟೆಯ ಕೆಲಸ ಮುಗಿಸಿ, ಬೇಸಿಗೆ ರಜೆಗೆ ಇನ್ನಷ್ಟು ಗಳಿಕೆ ರಜೆ ಸೇರಿಸಿ, ಮೇ ಒಂದನೇ ತಾರೀಕು ಹೊರಟೆ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಮೆಣಸು, ಒಣಶುಂಠಿ, ಬಜೆ, ಅಂಟಿನುಂಡೆ, ಹಳೆಯ ಸೀರೆಯ ಬಟ್ಟೆಗಳು. ತಮ್ಮನ ಮನೆಗೆ ಹೋಗಿ ಅಪ್ಪನ ಕಾಲಿಗೆ ಬಿದ್ದೆ. ಎಂಬತ್ತಾರು ವರ್ಷ, ಉಬ್ಬಸ ಬಿಟ್ಟರೆ ಗಟ್ಟಿಮುಟ್ಟು. "ಎಷ್ಟು ಹೊತ್ತಿಗೆ ಸೇರುತ್ತೆ?" ಎಂದರು. ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ ಆರಕ್ಕೆ ಅಲ್ಲಿ ಎಂದೆ. "ಹದಿನಾರು ಗಂಟೆ ಕೂತು ಮೂರೂವರೆ ಗಂಟೇಲಿ ಸೇರ್ತೀನಿ ಅಂತೀಯಲ್ಲ, ಯಾರ ಗಡಿಯಾರದಲ್ಲಿ?" ಎಂದರು. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಎಂದು ವಿವರಿಸಿದೆ. ಗಡಿಯಾರವನ್ನು ವರ್ಷಕ್ಕೆ ಎರಡು ಸಲ ತಿರುಗಿಸುವ ದೇಶದ ಮೇಲೆ ಅವರಿಗೆ ಗೌರವ ಹುಟ್ಟಲಿಲ್ಲ.

ಹದಿನಾಲ್ಕನೇ ತಾರೀಕು ಮೊಮ್ಮಗಳು ಹುಟ್ಟಿದಳು. ಬಾಣಂತನದ ವೈಭವ ಇಲ್ಲಿ ಬರೆಯುವುದಿಲ್ಲ. ಎರೆಯಲು ಹಂಡೆಯಿಲ್ಲ, ಧೂಪ ಹಾಕಿದರೆ ಚಾವಣಿಯ ಯಂತ್ರ ಕೂಗಿಕೊಳ್ಳುತ್ತದೆ. ಆದರೂ ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ಅದು ಮೈ ಸಡಿಲ ಬಿಟ್ಟು ನಿದ್ದೆ ಹೋಗುತ್ತದಲ್ಲ, ಅದು ಎಲ್ಲಾದರೂ ಒಂದೇ. ದಿನಾ ರಾತ್ರಿ ಎಂಟಕ್ಕೆ, ಅಂದರೆ ಅಪ್ಪನ ಬೆಳಿಗ್ಗೆ ಎಂಟೂವರೆಗೆ, ಫೋನಿನಲ್ಲಿ ಮಗುವಿನ ಮುಖ ತೋರಿಸುತ್ತಿದ್ದೆವು.

ಇಪ್ಪತ್ತೊಂದನೇ ತಾರೀಕು ಮಂಗಳವಾರ ಅಪ್ಪನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರು. ಬುಧವಾರ ತಮ್ಮ ಫೋನು ಮಾಡಿ, "ಅಕ್ಕ, ಡಾಕ್ಟ್ರು ಗಾಬರಿ ಇಲ್ಲ ಅಂದಿದಾರೆ. ಆದ್ರೂ ನೀನು ಬರೋದಾದ್ರೆ ಬಾ" ಎಂದ. ಈ 'ಆದ್ರೂ' ಎನ್ನುವ ಮಾತಿನ ಭಾರ ನಿಮಗೆ ಗೊತ್ತಿರುತ್ತದೆ. ಹೊರಡುತ್ತೇನೆ ಎಂದೆ. ಮಗಳು ಅಳಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಫೋನಿನಲ್ಲಿ ವಿಮಾನಗಳನ್ನು ಹುಡುಕಿದಳು. ಎರಡು ದಾರಿ ಸಿಕ್ಕಿತು. ಗುರುವಾರ ಸಂಜೆ ಹೊರಡುವುದು ಒಂದು, ಕೊಲ್ಲಿಯ ಊರೊಂದರಲ್ಲಿ ಇಳಿದು ವಿಮಾನ ಬದಲಿಸಬೇಕು, ಒಟ್ಟು ಇಪ್ಪತ್ತಮೂರು ಗಂಟೆ. ಇನ್ನೊಂದು ನೇರ ವಿಮಾನ. ಅದು ದಿನಾ ಇರಲಿಲ್ಲ, ಮುಂದಿನದು ಶುಕ್ರವಾರ ರಾತ್ರಿ. ಹದಿನೇಳು ಗಂಟೆ.

"ಯಾವುದಮ್ಮ?" ಎಂದಳು.

ಇಪ್ಪತ್ತಮೂರು, ಹದಿನೇಳು. ಹದಿನೇಳು ಚಿಕ್ಕದು. ಗೊತ್ತಿಲ್ಲದ ಊರಿನಲ್ಲಿ ಇಳಿದು ಹತ್ತುವುದು ನನ್ನಂಥವಳಿಗೆ ಕಷ್ಟ ಎಂದು ಅಳಿಯ ಹೇಳಿದರು, ಅದೂ ನಿಜವೇ. ಡಾಕ್ಟರು ಗಾಬರಿ ಇಲ್ಲ ಎಂದಿದ್ದರು. ಇಷ್ಟೂ ಕಾರಣಗಳನ್ನು ನಾನು ಆಮೇಲೆ ಎಲ್ಲರಿಗೂ ಹೇಳಿದ್ದೇನೆ, ಯಾರೂ ತಪ್ಪೆನ್ನಲಿಲ್ಲ. ಹೇಳದೆ ಉಳಿದದ್ದು ಇನ್ನೊಂದಿದೆ. ಶುಕ್ರವಾರ ಹೊರಟರೆ ಮಗುವಿಗೆ ಇನ್ನೊಂದು ಸಲ ಎರೆಯಬಹುದಿತ್ತು. ಮೆಣಸಿನ ಸಾರು, ಗೊಜ್ಜು ಅಳಿಯನಿಗೆ ಕಲಿಸಿ ಬರೆಸಿಡಬಹುದಿತ್ತು. ಹತ್ತು ದಿನದ ಬಾಣಂತಿಯನ್ನು ಬಿಟ್ಟು ಬರುವ ತಾಯಿಗೆ ಒಂದು ದಿನ ಸಿಕ್ಕಿದರೆ ಬೇಡವೆನ್ನುವುದು ಹೇಗೆ? "ಶುಕ್ರವಾರದ್ದೇ ಮಾಡು" ಎಂದೆ.

ಶುಕ್ರವಾರ ರಾತ್ರಿ ಒಂಬತ್ತು ದಾಟಿ ವಿಮಾನ ಎದ್ದಿತು. ಇಲ್ಲಿ ಆಗ ಶನಿವಾರ ಬೆಳಿಗ್ಗೆ ಒಂಬತ್ತು ನಲವತ್ತು. ಎದುರಿನ ಪುಟ್ಟ ಪರದೆಯಲ್ಲಿ ಹಾರುವ ದಾರಿ ತೋರಿಸುತ್ತಿದ್ದರು. ನನ್ನ ಗ್ಲೋಬಿನ ದಾರದಂತೆಯೇ ಗೆರೆ ಮೇಲೆ ಮೇಲೆ ಏರುತ್ತಿತ್ತು. ಮೂವತ್ತು ಚಿಲ್ಲರೆ ಸಾವಿರ ಅಡಿ ಎತ್ತರ, ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ, ಗಂಟೆಗೆ ಒಂಬೈನೂರು ಕಿಲೋಮೀಟರಿನ ಹತ್ತಿರದ ವೇಗ. ಇಷ್ಟು ವೇಗದಲ್ಲಿ ಹೋಗುತ್ತಿದ್ದರೂ ಲೋಟದ ನೀರು ಅಲುಗುತ್ತಿರಲಿಲ್ಲ. ಪಕ್ಕದ ಸೀಟಿನ ಹುಡುಗ ಸಿನಿಮಾ ನೋಡುತ್ತ ಒಬ್ಬನೇ ನಗುತ್ತಿದ್ದ.

ನನಗೆ ನಿದ್ದೆ ಬರಲಿಲ್ಲ. ಕಿಟಕಿಯ ಪರದೆ ಸ್ವಲ್ಪ ಎತ್ತಿದೆ. ಹೊರಡುವಾಗ ಕತ್ತಲಾಗಿತ್ತಲ್ಲ, ಬಡಗಣಕ್ಕೆ ಹೋದ ಹಾಗೆ ಆಕಾಶದ ಅಂಚು ಮತ್ತೆ ಬೆಳ್ಳಗಾಗುತ್ತ ಬಂತು. ಅಲಾಸ್ಕಾ ದಾಟುವ ಹೊತ್ತಿಗೆ ಮುಳುಗಿದ ಸೂರ್ಯ ಮುಳುಗಿದ ಕಡೆಯಿಂದಲೇ ಮೇಲೆದ್ದ! ಮೇ ತಿಂಗಳ ಕೊನೆಯಲ್ಲಿ ಅಷ್ಟು ಮೇಲಿನ ಅಕ್ಷಾಂಶದಲ್ಲಿ ರಾತ್ರಿಯಾಗುವುದಿಲ್ಲ ಎಂದು ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು ನಾನು. ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಕೆಳಗೆ ಬಿರುಕು ಬಿಟ್ಟ ಹಿಮ, ಅದರ ಮೇಲೆ ಕೆಂಪು ಬೆಳಕು. ಹಾರುವಾಗ ಇಟ್ಟುಕೊಳ್ಳುವಂತೆ ಮಾಡಿಕೊಟ್ಟಿದ್ದ ಫೋನಿನಲ್ಲಿ ಒಂದು ಫೋಟೋ ತೆಗೆದೆ, ಅಪ್ಪನಿಗೆ ತೋರಿಸಬೇಕು ಎಂದು. ಸೂರ್ಯ ಏರಲೂ ಇಲ್ಲ, ಇಳಿಯಲೂ ಇಲ್ಲ. ರೆಕ್ಕೆಯ ತುದಿಯಲ್ಲಿ ಕೂತು ನಮ್ಮ ಜೊತೆಗೇ ಬಂದ. ಸೈಬೀರಿಯಾದ ಮೇಲೆ ತೆಂಕಣಕ್ಕೆ ತಿರುಗಿದ ಮೇಲೆಯೇ ಕತ್ತಲಾದದ್ದು.

ಭಾನುವಾರ ಬೆಳಗಿನ ಜಾವ ಎರಡು ನಲವತ್ತಕ್ಕೆ ಬೆಂಗಳೂರಿನಲ್ಲಿ ಇಳಿದೆವು. ಹೊರಗೆ ತಮ್ಮನ ಮಗ ನಿಂತಿದ್ದ. "ಅತ್ತೆ" ಎಂದು ಬಂದು ಪೆಟ್ಟಿಗೆ ತೆಗೆದುಕೊಂಡ. ತಾತ ಹೇಗಿದ್ದಾರೆ ಎಂದು ನಾನು ಕೇಳಲಿಲ್ಲ. ಯಾವಾಗಲೂ ಮಗು ಹೇಗಿದೆ, ಅಲ್ಲಿಂದ ಏನು ತಂದಿರಿ ಎಂದು ಬಡಬಡಿಸುವ ಹುಡುಗ ಪೆಟ್ಟಿಗೆಯ ಗಾಲಿಯನ್ನೇ ನೋಡುತ್ತ ನಡೆಯುತ್ತಿದ್ದ. ನೆಲಮಂಗಲ ದಾಟಿದ ಮೇಲೆ, "ಯಾವಾಗ?" ಎಂದೆ. "ನಿನ್ನೆ ಸಂಜೆ ನಾಲ್ಕೂ ಹತ್ತಕ್ಕೆ ಅತ್ತೆ" ಎಂದ.

ಶನಿವಾರ, ವೈಶಾಖ ಬಹುಳ ಬಿದಿಗೆ. ಕಾರಿನಲ್ಲಿ ಕೂತು ನಾನು ಮಾಡಿದ್ದು ಅಳುವುದಲ್ಲ, ಲೆಕ್ಕ. ನಾಲ್ಕೂ ಹತ್ತೆಂದರೆ ವಿಮಾನ ಎದ್ದು ಆರೂವರೆ ಗಂಟೆ. ಫೋನಿನ ಫೋಟೋದ ಕೆಳಗೆ ಕ್ಯಾಲಿಫೋರ್ನಿಯಾದ ಗಂಟೆ ಮೂರು ಇಪ್ಪತ್ತು ಎಂದಿತ್ತು. ಹನ್ನೆರಡೂವರೆ ಕೂಡಿಸಿದರೆ ಇಲ್ಲಿಯ ಮೂರು ಐವತ್ತು. ಪಡುವಣದಲ್ಲಿ ಎದ್ದ ಸೂರ್ಯನನ್ನು ನಾನು ನೋಡಿದಾಗ ಅಪ್ಪ ಇದ್ದರು. ಮಿಕ್ಕ ಹತ್ತೂವರೆ ಗಂಟೆ, ಊಟದ ತಟ್ಟೆ ಕೊಟ್ಟಾಗ, ಪಕ್ಕದ ಹುಡುಗ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಾಗ, ಕೈ ತೊಳೆಯಲು ಸಾಲಿನಲ್ಲಿ ನಿಂತಾಗ, ನಾನು ಅಪ್ಪನಿದ್ದಾರೆಂದೇ ಬದುಕಿದ್ದೆ. ಇನ್ನೊಂದು ಲೆಕ್ಕ ತಿಪಟೂರಿನ ಹತ್ತಿರ ಹೊಳೆಯಿತು. ಗುರುವಾರ ಸಂಜೆ ಹೊರಟಿದ್ದರೆ ಆ ಇಪ್ಪತ್ತಮೂರು ಗಂಟೆಯ ದಾರಿ ನನ್ನನ್ನು ಶನಿವಾರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಸುತ್ತಿತ್ತು. ಹತ್ತು ಗಂಟೆಗೆ ಅಪ್ಪನ ಮಂಚದ ಪಕ್ಕದಲ್ಲಿರುತ್ತಿದ್ದೆ. ಆರು ಗಂಟೆ ಸಿಗುತ್ತಿತ್ತು. ಓಡೋ ಹೊತ್ತು ನೋಡಿದ್ದೆ ನಾನು.

ಇದನ್ನು ಮಗಳಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಆ ಒಂದು ದಿನದ ಸ್ನಾನದ ಋಣ ಮಗುವಿನ ತಲೆಯ ಮೇಲೆ ಹೋಗಿ ಕೂರುತ್ತದೆ.

ಮನೆಯ ಮುಂದೆ ಜನ ಸೇರಿದ್ದರು. ಫ್ರೀಜರ್ ಪೆಟ್ಟಿಗೆಯಲ್ಲಿ ಅಪ್ಪನನ್ನು ಮಲಗಿಸಿದ್ದರು, ಗಾಜಿನ ಮೇಲೆ ಮಂಜು ಕಟ್ಟಿತ್ತು. ನಾನು ಒರೆಸಿ ನೋಡಿದೆ. ರಾತ್ರಿಯೆಲ್ಲ ಕಾದು ಸುಸ್ತಾದ ಹಿರಿಯರು, ಬಂದಳಲ್ಲ, ಇನ್ನು ಮುಂದಿನದು ನೋಡಿ ಎಂದು ಅವಸರ ಮಾಡಿದರು. ಅವರದ್ದೂ ತಪ್ಪಲ್ಲ.

ಎಲ್ಲ ಮುಗಿದು ಎರಡು ದಿನವಾದ ಮೇಲೆ ತಮ್ಮ ಹೇಳಿದ. ಶನಿವಾರ ಬೆಳಿಗ್ಗೆ ಅಪ್ಪ ಚೆನ್ನಾಗಿಯೇ ಇದ್ದರಂತೆ, ಮೂಗಿಗೆ ಆಮ್ಲಜನಕದ ನಳಿಕೆ ಹಾಕಿತ್ತು ಅಷ್ಟೆ. ಅಕ್ಕ ಹೊರಟಳು ಎಂದಾಗ ಗಂಟೆ ಎಷ್ಟು ಎಂದು ಕೇಳಿ ಪೆನ್ನು ತರಿಸಿಕೊಂಡರಂತೆ. ತಮ್ಮನ ಫೋನಿನಲ್ಲಿ ವಿಮಾನ ಎಲ್ಲಿದೆ ಎಂದು ತೋರಿಸುವ ಸೌಕರ್ಯವಿತ್ತು. ಗಂಟೆಗೊಂದು ಸಲ, "ಈಗ ಎಲ್ಲಿಗೆ ಬಂತು?" ಮಧ್ಯಾಹ್ನ ಒಂದೂವರೆಗೆ ಅಲಾಸ್ಕಾ ಎಂದಾಗ, "ಅಲ್ಲೇನಾದರೂ ಕ್ರಾಸಿಂಗ್ ಇದೆಯೇನೋ?" ಎಂದು ತಮಾಷೆ ಮಾಡಿದರಂತೆ. ಮೂರೂವರೆಗೆ ಕೇಳಿದ್ದೇ ಕೊನೆ.

ಆಸ್ಪತ್ರೆಯಿಂದ ತಂದ ಅಂಗಿಯ ಜೇಬಿನಲ್ಲಿ ಒಂದು ಔಷಧಿ ಚೀಟಿ ಇತ್ತು. ಅದರ ಹಿಂಭಾಗದಲ್ಲಿ, ಕೈ ನಡುಗಿದ್ದರೂ, ಹಳೆಯ ರಿಜಿಸ್ಟರಿನ ಹಾಗೆ ಗೆರೆ ಎಳೆದು ಬರೆದಿದ್ದರು. ಸ್ಯಾ.ಫ್ರಾ. ಬಿಟ್ಟದ್ದು 9-40. ಬೆಂ. ಸೇರುವುದು 2-40. ಅರಸೀಕೆರೆ ಮನೆ 8-00.

ನಾನು ಮನೆ ತಲುಪಿದ್ದು 8-25ಕ್ಕೆ. ಊರು ಮುಟ್ಟಿದ ಮೇಲೆ, ನಮ್ಮ ಬೀದಿಗೆ ತಿರುಗುವ ಕಡೆ ರೈಲ್ವೆ ಗೇಟು ಹಾಕಿತ್ತು.